ಅವ್ವನ ಕೊರಳಿನ ಗುಂಡಿ

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ತಂಗಿ ಹತ್ತರವರೆಗೆ ಓದಿದಳು, ಕೆಟ್ಟ ರೇಡಿಯೋ ಬಿಚ್ಚಿ ಬಿಚ್ಚಿ ಬೆಸುಗೆ ಹಾಕುವುದನ್ನು ತಾನೇ ಕಲಿತಳು. ನಮ್ಮೂರು ಕಲ್ಲೋಳಿಗೆ ಮೊಬೈಲ್ ಆಗಷ್ಟೇ ಬಂದಿತ್ತು. ಮೂಡಲಗಿಯ ರಿಪೇರಿ ಅಂಗಡಿಯವರು ಅವಳ ಕೈಗೆಲಸ ನೋಡಿ, ಒಪ್ಪಿದರೆ ಕೆಲಸ ಕೊಡಲು ಮನೆಗೇ ಬರುವವರಿದ್ದರು.

ಅವ್ವನಿಗೆ ಮೊಣಕಾಲು ನೋವು. ಹಿತ್ತಲಿನಿಂದ ಕೂಗಿದರೆ ಒಳಗೆ ಕೇಳುತ್ತಿರಲಿಲ್ಲ. ಗೋಕಾಕದಿಂದ ನಾನು ವೈರ್ ಇಲ್ಲದ ಕರೆಗಂಟೆಯೊಂದನ್ನು ತಂದೆ. ತಂಗಿ ಅದರ ಗುಂಡಿ ಬಿಚ್ಚಿ, ಒಳಗಿನ ಸಿಗ್ನಲ್ ಚಿಪ್ ಅನ್ನು ಕೊರಳಿಗೆ ಕಟ್ಟುವಷ್ಟು ಸಣ್ಣ ಸರ್ಕ್ಯೂಟ್ ಹಲಗೆಗೆ ಬೆಸೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದಳು.

"ಇಷ್ಟ ಸಣ್ಣ ಸೆಲ್ಲು ಎಷ್ಟ ದಿನ ಬಂದೀತ?"

"ವರ್ಷ ಬರತೈತಿ ಅಣ್ಣಾ. ಒತ್ತಿದಾಗಷ್ಟ ಏಳತೈತಿ, ಉಳಿದ ಹೊತ್ತು ನಿನ್ನಂಗ ಮಲಗಿರತೈತಿ!"

ನಾನು ಕಬ್ಬಿನ ಬದುವಿಗೆ ಓಡಿ ಒತ್ತಿದೆ. "ಬಡೀತೂ!" ಎಂದು ಅವಳು ಮಾಳಿಗೆ ಮೇಲಿಂದ ಕೂಗಿದಳು. ಇನ್ನೂ ದೂರ ಓಡಿದೆ. ಅಲ್ಲಿಂದಲೂ ಬಡಿಯಿತು!

ಅವ್ವನ ಕೊರಳಲ್ಲಿ ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ ಯಾವಾಗಲೂ ಇರುತ್ತಿತ್ತು. ಅದರ ಬಾಜೂ ಪ್ಲಾಸ್ಟಿಕ್ ಡಬ್ಬಿ ಜೋತರೆ ಬಂದವರು ಏನಂದಾರು ಎನಿಸಿತು ನನಗೆ. "ಲೋಹದಾಗ ಹಾಕಬ್ಯಾಡ, ಸಿಗ್ನಲ್ ಹೊರಗ ಬರೂದಿಲ್ಲ" ಎಂದು ತಂಗಿ ಹೇಳಿಯೇ ಇದ್ದಳು. ಆದರೂ ಅಂಗಡಿಯವರು ಬರುವ ದಿನ ಮುಂಜಾನೆ ಅವಳು ಚಹಾ ಕುದಿಸುವಾಗ, ಗುಂಡಿ ಒತ್ತಲೆಂದು ಮುಚ್ಚಳಕ್ಕೆ ತೂತು ಕೊರೆಸಿ ತಂದಿದ್ದ ಬೇರೊಂದು ಬೆಳ್ಳಿ ಡಬ್ಬಿಯೊಳಗೆ ಹಲಗೆಯನ್ನು ಹಾಕಿ ಅವ್ವನ ಕೊರಳಿಗೆ ಕಟ್ಟಿದೆ.

ಅಂಗಡಿಯವರು ಬಂದು ಕುಳಿತರು. ಅವ್ವ ಹಿತ್ತಲಿಗೆ ಹೋಗಿ ಒತ್ತಿದಳು. ಗಂಟೆ ಸುಮ್ಮನಿತ್ತು. ಮತ್ತೆ ಒತ್ತಿದಳು.

"ಏನ್ರಿ, ನಮ್ಮನ್ನ ನೋಡಿ ಗಂಟಿನೂ ಹೆದರೇತೇನು?" ಎಂದು ಅವರು ನಕ್ಕರು.

ನನ್ನ ಬಾಯಿಂದ ಬಂದದ್ದು ಇಷ್ಟು: "ಬೆಸಿಗಿ ಬಿಟ್ಟಿರಬೇಕ್ರಿ. ಹುಡುಗಿ ಕೆಲಸ."

ತಂಗಿ ಅವ್ವನ ಕೊರಳನ್ನೂ ನನ್ನನ್ನೂ ನೋಡಿದಳು. ಬಂದವರೆದುರು ಅಣ್ಣನ ಮಾತಿಗೆ ಎದುರಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಅವರ ಸ್ಕೂಟರ್ ಹೊರಟ ಕೂಡಲೇ ಅವಳು ಹಲಗೆಯನ್ನು ಬೆಳ್ಳಿಯಿಂದ ಹೊರತೆಗೆದು ಒತ್ತಿದಳು. ಮನೆಯೆಲ್ಲ ಗಂಟೆ! ಸಿಟ್ಟನ್ನೂ ಮರೆತು ಕುಣಿದಳು. "ಖರೆ ಐತಿ ಅಣ್ಣಾ, ಬೆಸಿಗಿ ಗಟ್ಟಿ ಐತಿ! ಸೈಕಲ್ ತಗೋ, ಹಳ್ಳದ ತನಕಾನೂ ಹೋಗಿರಂಗಿಲ್ಲ ಅವರು. ಹೋಗಿ ಹೇಳ್ ಬಾ."

"ನಾಳೆ ಹೇಳತೇನಿ" ಎಂದೆ.

ನಾಳೆಯೂ ಹೋಗಲಿಲ್ಲ, ಮರುವಾರವೂ ಹೋಗಲಿಲ್ಲ. ಅಂಗಡಿಗೆ ಬೇರೊಬ್ಬರು ಸೇರಿದರು. ತಂಗಿ ತನ್ನ ಬೆಸುಗೆ ಹಾಕುವ ಕಡ್ಡಿಯನ್ನು ನೆರೆಮನೆಯವರಿಗೆ ಕೊಟ್ಟುಬಿಟ್ಟಳು.