ವಾಪಸಿನ ಪೆಟ್ರೋಲು

ನಮ್ಮ ಮಹಡಿಯ ಬಾಡಿಗೆದಾರರು ನಿವೃತ್ತ ಗಣಿತದ ಮೇಷ್ಟ್ರು. ಬೀದಿಗೆಲ್ಲ ಮೈಲೇಜ್ ಮೇಷ್ಟ್ರು. ವರ್ಷಕ್ಕೊಮ್ಮೆ ಹಳೆಯ ಕಾರಿನಲ್ಲಿ ಒಬ್ಬರೇ ದೂರದ ತಮ್ಮನ ಮನೆಗೆ ಹೋಗಲು ತಿಂಗಳ ಮೊದಲೇ ಪೆಟ್ರೋಲು, ಟೋಲು, ದಾರಿಯ ಚಹಾ ಎಲ್ಲ ಲೆಕ್ಕ ಹಾಕುತ್ತಾರೆ. ಏರಿನಲ್ಲಿ ಗಾಡಿ ಎಷ್ಟು ಹೆಚ್ಚು ಕುಡಿಯುತ್ತದೆಂದು ಹಾಲಿನವನನ್ನೂ ನಿಲ್ಲಿಸಿ ವಿವರಿಸುತ್ತಾರೆ. ಭಾರ ಇಳಿಸಲು ಸ್ಟೆಪ್ನಿ ತೆಗೆದಿಡಬಹುದೇ ಎಂದು ಕೇಳಿದ್ದಕ್ಕೆ ಮೆಕ್ಯಾನಿಕ್, "ಮೊದಲು ನೀವೇ ಇಳೀರಿ ಸಾರ್" ಅಂದನಂತೆ. ನಿನ್ನೆ ಲೆಕ್ಕ ಒಪ್ಪಿಸಿದಾಗ ನಾನು, "ವಾಪಸ್ ಬರೋ ಪೆಟ್ರೋಲೇ ಬಿಟ್ಟಿದ್ದೀರಲ್ಲ ಮೇಷ್ಟ್ರೇ" ಎಂದೆ. "ತಮ್ಮ 'ಇಲ್ಲೇ ಇದ್ದುಬಿಡಣ್ಣ' ಅಂದ್ರೆ ಅದು ದಂಡ ಅಲ್ವೇ ಅಮ್ಮಾ?" ಎಂದರು. ಹೋದ ವರ್ಷವೂ ವಾಪಸಿನ ಲೆಕ್ಕ ಹಾಗೇ ಬಿಟ್ಟು ಹೋಗಿದ್ದರು. ಮೂರನೆಯ ಬೆಳಿಗ್ಗೆ ಆ ತಮ್ಮ, ಅಣ್ಣ ಕೇಳುವ ಮೊದಲೇ, ಕಾರಿನ ಟ್ಯಾಂಕು ತುಂಬಿಸಿ ತಂದು ಬಾಗಿಲಿಗೆ ನಿಲ್ಲಿಸಿದ್ದನಂತೆ.