ಹುಣಸೆಬೀಜದ ಬಿಳಿ ಮೈ

ಇದು ಹಪ್ಪಳ ಒಣಗಿಸಿದ ದಿನ ನಡೆದದ್ದು; ಅಥವಾ ಅದು ಬೇರೆ ದಿನವೂ ಇರಬಹುದು. ನಾನು ಚಿಕ್ಕವನಿದ್ದಾಗ ನಡೆದದ್ದನ್ನೆಲ್ಲ ಮನಸ್ಸು ಒಂದೇ ದಿನಕ್ಕೆ ಸೇರಿಸಿ ಹೊಲಿದುಬಿಟ್ಟಿದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಮಕ್ಕಳೇ, ನೀವೂ ನಂಬಬೇಡಿ. ಹಲಸಿನ ಹಪ್ಪಳದ ವಾಸನೆ ಮಾತ್ರ ನಿಜ.

ಹರಿಹರಪುರದ ನಮ್ಮ ಅಂಗಳದಲ್ಲಿ ಚಾಪೆಯ ತುಂಬ ಹಪ್ಪಳ ಒಣಗುತ್ತಿತ್ತು. ಕಾಗೆ ಓಡಿಸಲು ನಾನೋ ಅಕ್ಕನೋ ಒಬ್ಬರು ಕೂರಲೇಬೇಕು. ಇನ್ನೊಬ್ಬರು ಅಪ್ಪನ ಜೊತೆ ಕೊಪ್ಪಕ್ಕೆ ಹೋಗಿ ಟೆಂಟ್ ಸಿನಿಮಾ ನೋಡಬಹುದು. ನಾನು ಅದುವರೆಗೆ ಒಂದೂ ಸಿನಿಮಾ ನೋಡಿರಲಿಲ್ಲ.

ಇಂಥದ್ದನ್ನು ತೀರ್ಮಾನಿಸುತ್ತಿದ್ದುದು ಚೌಕಾಬಾರ ಆಡುವ ಹುಣಸೆಬೀಜ. ಅದರ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡುತ್ತಿದ್ದೆವು; ಇನ್ನೊಂದು ಮೈ ಕಪ್ಪಾಗಿಯೇ ಇರುತ್ತಿತ್ತು. ಎಸೆದಾಗ ಬಿಳಿ ಮೇಲಾದರೆ ಅಕ್ಕನಿಗೆ ಗೆಲುವು, ಕಪ್ಪಾದರೆ ನನಗೆ. ಬೀಜ ಉಜ್ಜಿದವಳು ಅಕ್ಕ. ಬಿಳಿ ಆರಿಸಿಕೊಂಡವಳೂ ಅಕ್ಕ. ಹೆಚ್ಚಾಗಿ ಗೆಲ್ಲುತ್ತಿದ್ದವಳೂ ಅವಳೇ.

ಆ ದಿನ ನಾನು ಒಪ್ಪಲಿಲ್ಲ. ಬೀಜ ಕಿತ್ತುಕೊಂಡು ಮತ್ತೆ ಮತ್ತೆ ಎಸೆದೆ. ಬಿಳಿ ಬಿದ್ದಾಗ ಒಂದು ಕಡೆ ಹರಳು ಇಟ್ಟೆ, ಕಪ್ಪು ಬಿದ್ದಾಗ ಇನ್ನೊಂದು ಕಡೆ. ಬಿಳಿಯ ಗುಡ್ಡೆ ಬೆಳೆಯುತ್ತಲೇ ಹೋಯಿತು. ಬೀಜ ತನ್ನ ಕಪ್ಪು ಹೊಟ್ಟೆಯ ಮೇಲೆಯೇ ಹೆಚ್ಚಾಗಿ ಕೂರುತ್ತಿತ್ತು.

ಅಪ್ಪ ಅಂಗಿಯ ಗುಂಡಿ ಹಾಕುತ್ತ ನೋಡಿದರು. “ಎರಡು ಮೈ ಇದ್ದ ಕೂಡಲೇ ಎರಡಕ್ಕೂ ಸಮ ಅಂತ ಯಾರು ಹೇಳಿದ್ದು ಮಾರಾಯ? ಬೇಗ ಮುಗಿಸಿ, ಬಸ್ಸು ಕಾಯುದಿಲ್ಲ.”

“ಎಂತ, ನಾನು ಮೋಸ ಮಾಡಿದ್ನ?” ಎಂದಳು ಅಕ್ಕ. “ಸರಿ, ಎರಡೆರಡು ಸಲ ಎಸೆಯುವ. ಮೊದಲು ಬಿಳಿ, ಆಮೇಲೆ ಕಪ್ಪು ಬಿದ್ರೆ ನಾನು. ಮೊದಲು ಕಪ್ಪು, ಆಮೇಲೆ ಬಿಳಿ ಬಿದ್ರೆ ನೀನು. ಎರಡು ಸಲವೂ ಒಂದೇ ಬಿದ್ರೆ ಲೆಕ್ಕಕ್ಕಿಲ್ಲ.”

ನಾನು ಹುಳುಕು ಹುಡುಕಿದೆ. ಸಿಗಲಿಲ್ಲ. ಇಬ್ಬರಿಗೂ ಬೇಕಾದದ್ದು ಒಂದು ಬಿಳಿ, ಒಂದು ಕಪ್ಪು. ಬಿಳಿ ಎಷ್ಟೇ ಸುಲಭವಾಗಿರಲಿ, ಕಪ್ಪು ಎಷ್ಟೇ ಅಪರೂಪವಾಗಿರಲಿ, ಅವಳಿಗೂ ನನಗೂ ಅಷ್ಟೇ.

ಬಿಳಿ, ಬಿಳಿ. ಮತ್ತೆ ಬಿಳಿ, ಬಿಳಿ. ಆಮೇಲೆ ಬಿಳಿ, ಕಪ್ಪು.

“ಕಾಗೆಗೆ ನಾನು ಕೇಳಿದೆ ಅಂತ ಹೇಳು,” ಎಂದು ಅಕ್ಕ ಅಪ್ಪನ ಹಿಂದೆ ಓಡಿದಳು. ನಾನು ಕೋಲು ಹಿಡಿದು ಕೂತೆ. ಬಿಸಿಲಿಗೆ ಹಪ್ಪಳ ಮೆಲ್ಲಗೆ ಮುರುಟುತ್ತಿತ್ತು.

ನಿಮ್ಮ ಫೋನಿನಲ್ಲಿ ದಾಳ ತಾನೇ ಉರುಳುತ್ತದೆ. ಅದನ್ನು ಯಾರು, ಯಾವ ಕಡೆ ಉಜ್ಜಿದ್ದಾರೆಂದು ಬೆರಳಿಗೆ ತಿಳಿಯುವುದಿಲ್ಲ. ಆದರೂ ಬಹಳ ಸಲ ಆಡಿ, ಬಿದ್ದದ್ದನ್ನು ಗುರುತು ಹಾಕಿಕೊಂಡರೆ ನಿಮಗೆ ಏನಾದರೂ ತಿಳಿದೀತು. ನಾವು ಆ ಹೊಸ ಆಟ ಆಡಿದ್ದು ಒಂದೇ ಸಲ. ಅಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ಅಕ್ಕ ಬೇಕೆಂದೇ ಹಾಗೆ ಉಜ್ಜಿದ್ದಳೇ, ಆ ಉಪಾಯ ಅವಳಿಗೆ ಅಷ್ಟು ಬೇಗ ಹೇಗೆ ಹೊಳೆಯಿತು? ನನಗೆ ಗೊತ್ತಿಲ್ಲ.