ಎಡ, ಬಲ, ಬ್ರೇಕ್

ಲಾರಿ ಸಾಗಣೆ ಕಂಪನಿಗೆ ಗುಮಾಸ್ತನಾಗಿ ಸೇರಿದ ಮೊದಲ ದಿನ, ಕಚೇರಿಯ ಕಿಟಕಿಯಾಚೆ ಯಾರೋ ಗಂಟಲು ಹರಿಯುವಂತೆ ಕೂಗುತ್ತಿದ್ದರು. "ಎಡಾ! ಬಲಾ! ಬ್ರೇಕ್! ಬಿಡು! ಮತ್ತೆ ಎಡಾ!" ಇಲ್ಲಿ ನೌಕರರಿಗೆ ಕವಾಯತು ಮಾಡಿಸುತ್ತಾರೆಂದು ತಿಳಿದು ನನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡೆ. ಕವಾಯತಿನಲ್ಲಿ ಬ್ರೇಕ್ ಎಲ್ಲಿಂದ ಬಂತೆಂಬ ಅನುಮಾನವೂ ಬರಲಿಲ್ಲ. ದಪ್ಪಗಿರುವವರಿಗಾಗಿ ಇಟ್ಟಿರಬೇಕು ಅಂದುಕೊಂಡೆ. ಎದ್ದು ಇಣುಕಿದರೆ ಸಾಲೂ ಇಲ್ಲ, ಸಿಪಾಯಿಯೂ ಇಲ್ಲ. ಟ್ರೇಲರಿನ ಹಿಂದೆ ಕುಕ್ಕರಗಾಲಲ್ಲಿ ಕೂತ ಒಬ್ಬ ಕುಳ್ಳ, ಮುಂದೆ ಲಾರಿಯಲ್ಲಿ ಒಬ್ಬ ಡ್ರೈವರ್.

ಆ ಕುಳ್ಳನೇ ನಮ್ಮ ಎಲೆಕ್ಟ್ರಿಷಿಯನ್. ಕರೆಂಟ್ ಇದೆಯೇ ಎಂದು ಉರಿದು ತೋರಿಸುವ ಟೆಸ್ಟ್ ಲ್ಯಾಂಪನ್ನು ಜೇಬಿನಿಂದ ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅವನು ಟೆಸ್ಟರ್. ಲಾರಿಗೂ ಹಿಂದಿನ ಟ್ರೇಲರಿಗೂ ನಡುವೆ ಒಂದು ಸುರುಳಿ ವೈರು, ಅದರ ತುದಿಗೆ ಏಳು ಪಿನ್ನಿನ ಪ್ಲಗ್. ಡ್ರೈವರ್ ಮುಂದೆ ಒತ್ತಿದ್ದನ್ನು ಹಿಂದಿನ ದೀಪಗಳಿಗೆ ತಲುಪಿಸುವುದು ಅದೇ. ಏಳರಲ್ಲಿ ಒಂದಕ್ಕೆ ಮುನಿಸು ಬಂದರೂ ಸಂಸಾರ ಬೀದಿಗೆ ಬರುತ್ತದೆ. ಆ ಮುನಿಸು ಬಿಡಿಸುವುದು ಟೆಸ್ಟರನ ಕಸುಬು.

ಸ್ವಂತ ಮುನಿಸು ಬೇರೆ ವಿಷಯ. ಅಂದು ಲಾರಿಯಲ್ಲಿ ಕೂತಿದ್ದ ಡ್ರೈವರ್ ಅವನ ಹೆಂಡತಿಯ ತಮ್ಮ. ನಾಲ್ಕು ವರ್ಷದ ಹಿಂದೆ ನೆಂಟರು ತುಂಬಿದ್ದ ಮನೆಯಲ್ಲಿ ಡ್ರೈವರ್, "ನಮ್ಮ ಭಾವಂಗೆ ಬಲ್ಬ್ ಬದಲಾಯಿಸೋದು ಬಿಟ್ರೆ ಇನ್ನೇನು ಬರುತ್ತೆ?" ಅಂದಿದ್ದ. "ಎಮ್ಮೆ ಕೈಗೆ ಸ್ಟೇರಿಂಗ್ ಕೊಟ್ರೂ ನಿನಗಿಂತ ನೆಟ್ಟಗೆ ಓಡ್ಸುತ್ತೆ" ಎಂದಿದ್ದ ಟೆಸ್ಟರ್. ಅಲ್ಲಿಗೆ ಮಾತು ಮುಗಿಯಿತು. ಒಟ್ಟಿಗೆ ಊಟಕ್ಕೆ ಕೂತರೆ ಎಲ್ಲವೂ ಆ ಹೆಣ್ಣುಮಗಳ ಮೂಲಕವೇ. ಒಮ್ಮೆ ಅವಳು ರೋಸಿ ಎದ್ದುಹೋದಳಂತೆ. ಉಪ್ಪಿನ ಡಬ್ಬಿ ಭಾವನ ಪಕ್ಕದಲ್ಲಿತ್ತು. ಭಾವಮೈದ ಸಪ್ಪೆಯಾಗಿಯೇ ಉಂಡ. ನೀರಿನ ಚೆಂಬು ಭಾವಮೈದನ ಪಕ್ಕದಲ್ಲಿತ್ತು. ಭಾವ ಬಿಕ್ಕಳಿಸುತ್ತಲೇ ಎದ್ದ.

ದೀಪ ನೋಡಲು ಮಾತ್ರ ಮುಂದೊಬ್ಬ, ಹಿಂದೊಬ್ಬ ಬೇಕೇ ಬೇಕು. ಹಾಗಾಗಿ "ಎಡ", "ಬಲ", "ಬ್ರೇಕ್", "ಬಿಡು" ಈ ನಾಲ್ಕಕ್ಕೆ ವಿನಾಯಿತಿ. "ಅದು ಮಾತಲ್ಲ, ಡ್ಯೂಟಿ" ಎಂದು ಟೆಸ್ಟರ್ ನನಗೆ ವಿವರಿಸಿದ್ದ.

ಹೀಗಿರುವಾಗ ಆ ಭಾವಮೈದನ ಟ್ರೇಲರ್ ಒಂದು ತಿರುವಿನಲ್ಲಿ ಎಡಕ್ಕೆ ಹೊರಳುತ್ತಿದ್ದಾಗ ಕಾರೊಂದು ಬಂದು ಗುದ್ದಿತು. ಕಾರಿನವನ ಕೈ ಮುರಿಯಿತು. ಇಂಡಿಕೇಟರ್ ಉರಿಯಲೇ ಇಲ್ಲವೆಂದು ಅವನು, ಹಾಕಿದ್ದೆನೆಂದು ಇವನು. ಮೂರನೆಯ ದಿನ ಮ್ಯಾನೇಜರು ನನ್ನಿಂದ ಒಂದು ಪತ್ರ ಟೈಪ್ ಮಾಡಿಸಿದರು: "ಇಂಡಿಕೇಟರ್ ಹಾಕದೆ ತಿರುಗಿಸಿದ್ದು ನನ್ನದೇ ತಪ್ಪು." ಡ್ರೈವರ್ ಸಹಿ ಹಾಕಿದರೆ ಕೆಲಸ ಹೋಯಿತು. ಒಂದೂ ಅಕ್ಷರದೋಷವಿಲ್ಲದೆ ಟೈಪ್ ಮಾಡಿದ್ದೆ. ಮಧ್ಯಾಹ್ನಕ್ಕೆ ಮಾಲೀಕರು ಬರುವವರಿದ್ದರು.

ಮ್ಯಾನೇಜರು ಹಿಂದಿನ ತಿಂಗಳಷ್ಟೇ ಎಲ್ಲ ಲಾರಿಗಳಿಗೂ ನೀಲಿ ಬಣ್ಣ ಹೊಡೆಸಿದ್ದರು. ಅಂದಿನಿಂದ ಅವರ ನಡಿಗೆಯ ಮೇಲೂ ಒಂದು ಕೋಟ್ ಹೆಚ್ಚಿಗೆ ಬಿದ್ದಿತ್ತು. ಯಾರ್ಡಿನಲ್ಲಿ ಎಲ್ಲರನ್ನೂ ಸೇರಿಸಿ, ಸ್ಟೋರಿನಿಂದ ತರಿಸಿದ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಲಾರಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಕಚ್ಚಿಸಿ, ಪ್ಲಗ್ ಕೂರುವ ಸಾಕೆಟ್ಟಿನ ಪಿನ್ನುಗಳನ್ನು ಲ್ಯಾಂಪಿನ ಮೊನೆಯಿಂದ ಚುಚ್ಚುತ್ತ ಹೋದರು. ಡ್ರೈವರ್ ಸ್ವಿಚ್ ಹಾಕಿದಂತೆಲ್ಲ ಲ್ಯಾಂಪ್ ಉರಿಯಿತು.

"ನೋಡ್ರಪ್ಪಾ, ನಾನೇ ಖುದ್ದಾಗಿ ತೋರಿಸ್ತಾ ಇದೀನಿ. ಕರೆಂಟ್ ಸರಿಯಿದೆ. ಸುಳ್ಳು ಹೇಳ್ತಿರೋದು ಇವನು."

ಡ್ರೈವರ್ ನನ್ನ ಕಡೆ ತಿರುಗಿದ. "ಸಾರ್, ನಮ್ಮ ಭಾವಂಗೆ ಹೇಳಿ. ನಾನು ಇಂಡಿಕೇಟರ್ ಹಾಕಿದ್ದೆ ಅಂತ."

ಎರಡು ಮಾರು ದೂರದಲ್ಲಿದ್ದ ಟೆಸ್ಟರ್ ಕೂಡ ನನಗೇ ಹೇಳಿದ: "ದೀಪ ಹೇಳುತ್ತೆ ಬಿಡಿ ಸಾರ್. ಅವನ ಬಾಯಿಗಿಂತ ಅದು ವಾಸಿ."

ಆಮೇಲೆ ಮ್ಯಾನೇಜರ ಕೈಯಲ್ಲಿದ್ದ ಕ್ಲಿಪ್ಪನ್ನು ದಿಟ್ಟಿಸಿದ. "ಇದನ್ನ ಚಾಸಿಗೆ ಯಾಕೆ ಹಾಕಿದ್ರಿ? ಟ್ರೇಲರ್ ಬಲ್ಬಿಗೆ ಕರೆಂಟ್ ಹೋದ್ರೆ ಸಾಕಾ? ವಾಪಸ್ ಬರೋಕೆ ದಾರಿ ಬೇಡ್ವಾ?"

"ನೋಡಪ್ಪಾ," ಮ್ಯಾನೇಜರು ದನಿ ತಗ್ಗಿಸಿದರು. "ವೈರಿಂಗ್ ಕೆಟ್ಟಿದೆ ಅಂದ್ರೆ ನಿನ್ನ ಕುತ್ತಿಗೆಗೇ ಬರುತ್ತೆ. ಯೋಚನೆ ಮಾಡು."

ಟೆಸ್ಟರ್ ಯೋಚನೆ ಮಾಡಲಿಲ್ಲ. ಕ್ಲಿಪ್ಪನ್ನು ಕಿತ್ತು, ಕರೆಂಟ್ ವಾಪಸ್ ಬರುವ ದಾರಿಯಾದ ಸಾಕೆಟ್ಟಿನ ಅರ್ತ್ ಪಿನ್ನಿಗೇ ಕಚ್ಚಿಸಿದ. "ಎಡಾ!" ಲ್ಯಾಂಪ್ ಉರಿಯಲಿಲ್ಲ. "ಬಲಾ! ಬ್ರೇಕ್!" ಸತ್ತಂತೆ ಇತ್ತು.

"ಹಾಗಾದ್ರೆ ಅಪಘಾತ ಆದ್ಮೇಲೆ ನಾನು ಲಾರಿ ನಿಲ್ಲಿಸಿ ನೋಡ್ದಾಗ ಹಿಂದಿನ ದೀಪ ಹೆಂಗೆ ಉರೀತು?" ಮ್ಯಾನೇಜರು ಬಿಡಲಿಲ್ಲ.

"ಟ್ರೇಲರ್ ಲಾರಿ ಬೆನ್ನ ಮೇಲೆ ಕೂತಿದೆಯಲ್ಲ, ಆ ಕಬ್ಬಿಣಕ್ಕೆ ಕಬ್ಬಿಣ ತಾಗಿ. ನಿಂತ್ರೆ ತಾಗುತ್ತೆ, ಹೊರಳಿದ್ರೆ ಬಿಡುತ್ತೆ. ನೀವು ನಿಲ್ಲಿಸಿಕೊಂಡೇ ನೋಡಿದ್ರಿ."

ಪ್ಲಗ್ ಸಿಕ್ಕಿಸಿ, ಮುಂದೆ ನೋಡಿ ಮತ್ತೆ "ಎಡಾ!" ಎಂದು ಕೂಗಿ, ಕೈಯನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದ. ಐದನೆಯ ಮಾತು ಆಡಬಾರದಲ್ಲ! ಲಾರಿ ಯಾರ್ಡಿನಲ್ಲಿ ನಿಧಾನವಾಗಿ ಎಡಕ್ಕೆ ಹೊರಳಿತು. ನಾವೆಲ್ಲ ಹಿಂದೆ ಹಿಂದೆ ನಡೆದೆವು. ನೆಟ್ಟಗಿದ್ದಾಗ ಝಗ್ಗೆಂದು ಮಿನುಗುತ್ತಿದ್ದ ಎಡದ ದೀಪ ತಿರುವಿನಲ್ಲಿ ಮಂಕಾಯಿತು. ಅದರ ಬದಲು ಬ್ರೇಕ್ ದೀಪ ಸಾಯುವವನ ಕಣ್ಣಿನಂತೆ ಮಿಣುಕಿತು.

ಟೆಸ್ಟರ್ ಲಾರಿಯಡಿ ನುಗ್ಗಿ ಅರ್ತ್ ವೈರಿನ ಬೋಲ್ಟ್ ಬಿಚ್ಚಿದ. ವೈರಿನ ತುದಿಯ ಕೆಳಗೆ, ಬರಿ ಕಬ್ಬಿಣ ಇರಬೇಕಾದ ಕಡೆ, ಕರೆಂಟಿಗೆ ಅಡ್ಡ ನಿಂತ ಹೊಳೆಹೊಳೆಯುವ ನೀಲಿ.

"ಬೋಲ್ಟ್ ಬಿಚ್ಚಿ ಅಡಿಗೂ ಬಣ್ಣ ಬಳಿಸಿದ ಮಹಾನುಭಾವರು ಯಾರು?" ಒಳಗಿನಿಂದ ದನಿ ಬಂತು.

ಎಲ್ಲರೂ ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಆಕಾಶ ನೋಡಿದರು. ಟೆಸ್ಟರ್ ಬಣ್ಣ ಕೆರೆದು, ಉಜ್ಜಿ, ಬೋಲ್ಟ್ ಬಿಗಿದ. ಈ ಸಲ ಹೊರಳಿದರೂ ದೀಪ ಕಣ್ಣು ಕೋರೈಸಿತು. ಮ್ಯಾನೇಜರು ನನ್ನ ಕೈಯಿಂದ ಪತ್ರ ಕಸಿದು, ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೇ ಇಟ್ಟುಕೊಂಡರು. ಮಾಲೀಕರು ಬಂದಾಗ ಬಣ್ಣದ ಕಥೆ ಹೇಳುವ ಸರದಿ ಅವರದಾಯಿತು.

ಡ್ರೈವರ್ ಇಳಿದು ಬಂದು ಭಾವನಿಂದ ಮೂರಡಿ ದೂರ ನಿಂತ. ಲಾರಿಯ ಟೈರಿಗೊಮ್ಮೆ ಒದ್ದು ಹೊರಟುಹೋದ.

ನನಗೆ ಮನಸ್ಸು ತುಂಬಿ ಬಂದಿತ್ತು. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಬುದ್ಧಿ ಗುಮಾಸ್ತರಿಗೆ ದೇವರು ಕೊಟ್ಟಿಲ್ಲ. "ಅಂತೂ ಭಾವಮೈದನ ಮೇಲೆ ಒಳಗೊಳಗೇ ಪ್ರೀತಿ ಇದೆ ಅನ್ನಿ. ಇನ್ನಾದ್ರೂ ಇಬ್ಬರೂ ಮಾತಾಡ್ತೀರಿ ತಾನೇ?"

ಟೆಸ್ಟರ್ ಕೈಯ ನೀಲಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕೆಟ್ಟಿದ್ದು ಅರ್ತು. ಅದನ್ನ ಸರಿ ಮಾಡ್ದೆ. ಅವನು ಹುಟ್ಟಿದಾಗಿಂದ ಹಂಗೇ ಸಾರ್. ಅದಕ್ಕೆ ನನ್ನ ಹತ್ರ ಪಾನಾ ಇಲ್ಲ."